ಡೆಲಿವರಿಗೆ ಇ-ಬೈಕು: ಮೊದಲು ಕೆಲಸದ ಪಟ್ಟಿ, ಆಮೇಲೆ ಗಾಡಿ



ನಮ್ಮ ಸಂಘದ ಕಳೆದ ಸಭೆಯಲ್ಲಿ ಒಂದು ಪ್ರಸ್ತಾಪ ಬಂದದ್ದು ನಿಮಗೆಲ್ಲ ಗೊತ್ತಿದೆ. ಒಬ್ಬ ವ್ಯಾಪಾರಿಯವರು ಹೋಟೆಲಿನವರಿಗೆಂದೇ ಇಲೆಕ್ಟ್ರಿಕ್ ಬೈಕು ಜೋಡಿಸಿ ಕೊಡುತ್ತಾರಂತೆ. ಹಳೆಯ ಸೈಕಲ್ಲೋ ಮೊಪೆಡ್ಡೋ ಇದ್ದರೆ ಅದಕ್ಕೇ ಮೋಟಾರು, ಬ್ಯಾಟರಿ ಕೂರಿಸುತ್ತಾರೆ, ಇಲ್ಲದಿದ್ದರೆ ಹೊಸದಾಗಿ ಕಟ್ಟುತ್ತಾರೆ. ಇಪ್ಪತ್ತು ಗಾಡಿಗೆ ಒಟ್ಟಿಗೆ ಆರ್ಡರ್ ಕೊಟ್ಟರೆ ದರ ಇಳಿಸುತ್ತಾರೆ. ಸಭೆಯಲ್ಲೇ ಹಲವರು ಹೆಸರು ಬರೆಸಿದರು. ನಾನು ಬರೆಸಲಿಲ್ಲ. ಯಾಕೆ ಎಂದು ಕೇಳಿದವರಿಗೆ ಚಹಾ ಕುಡಿಯುತ್ತಾ ಹೇಳಿ ಮುಗಿಸುವಷ್ಟು ಸಣ್ಣ ಉತ್ತರ ಅಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಸ್ಪಷ್ಟ ಮಾಡುತ್ತೇನೆ. ನಾನು ಇಲೆಕ್ಟ್ರಿಕ್ ಗಾಡಿಯ ವಿರೋಧಿಯಲ್ಲ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ ಮಾತಾಡುವ ಕಾಲ ಇದು. ಆನ್‌ಲೈನ್ ಕಂಪನಿಗಳ ಕಮಿಷನ್ ಕೊಟ್ಟು ಕೈಸುಟ್ಟುಕೊಂಡ ನಮ್ಮಂಥವರಿಗೆ ಸ್ವಂತ ಡೆಲಿವರಿ ಬೇಕೇ ಬೇಕು. ಲೋಣಾವಳಾದಲ್ಲಂತೂ ಶನಿವಾರ-ಭಾನುವಾರ ಮುಂಬಯಿ, ಪುಣೆಯ ಜನ ಬಂಗಲೆ ಬಾಡಿಗೆ ಹಿಡಿದು ಕೂರುತ್ತಾರೆ. ತುಂಗಾರ್ಲಿ, ವಲವಣ, ಖಂಡಾಳಾ ಎಲ್ಲ ಕಡೆಯಿಂದ ಫೋನು ಬರುತ್ತದೆ. ಪೇಟೆಯ ರಸ್ತೆಯಲ್ಲಿ ಕಾರುಗಳ ಸಾಲು ಅಲುಗಾಡುವುದಿಲ್ಲ. ಆ ಹೊತ್ತಿನಲ್ಲಿ ಬಿಸಿ ಇಡ್ಲಿ ಮುಟ್ಟಿಸಲು ಸಾಧ್ಯವಿರುವುದು ಎರಡು ಗಾಲಿಯ ಗಾಡಿಗೆ ಮಾತ್ರ.

ಹಾಗಾದರೆ ಆಕ್ಷೇಪ ಏನು? ಆ ವ್ಯಾಪಾರಿಯವರು ಸಭೆಯಲ್ಲಿ ಮೋಟಾರಿನ ವಾಟ್ ಹೇಳಿದರು, ಮೈಲೇಜು ಹೇಳಿದರು, ಬಣ್ಣ ತೋರಿಸಿದರು. ಆದರೆ “ನಿಮ್ಮ ಕೆಲಸ ಏನು?” ಎಂದು ನಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಅಳತೆ ತೆಗೆಯದೆ ಅಂಗಿ ಹೊಲಿಯುವ ದರ್ಜಿಗೆ ನಾವು ಬಟ್ಟೆ ಕೊಡುತ್ತೇವೆಯೇ?

ಕೆಲಸದ ಪಟ್ಟಿ ಎಂದರೇನು?

ನಾವು ಗ್ರೈಂಡರ್ ಕೊಳ್ಳುವಾಗ ಏನು ಮಾಡುತ್ತೇವೆ? ದಿನಕ್ಕೆ ಎಷ್ಟು ಸೇರು ಅಕ್ಕಿ, ಎಷ್ಟು ಉದ್ದು, ಎಷ್ಟು ಹೊತ್ತಿಗೆ ಹಿಟ್ಟು ತಯಾರಾಗಬೇಕು ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕ ಲೀಟರಿನದು ತರುತ್ತೇವೆ. ಗಾಡಿಗೂ ಇದೇ ನ್ಯಾಯ. ಒಂದು ನೋಟ್‌ಪುಸ್ತಕ ಗಲ್ಲೆಯ ಪಕ್ಕ ಇಡಿ. ಎರಡು ವಾರ, ಅದರಲ್ಲಿ ಎರಡು ಶನಿವಾರ-ಭಾನುವಾರ ಬರುವ ಹಾಗೆ, ಪ್ರತಿ ಡೆಲಿವರಿಗೂ ಐದು ಸಂಗತಿ ಬರೆದಿಡಿ: ಎಲ್ಲಿಗೆ, ಎಷ್ಟು ದೂರ, ಎಷ್ಟು ತೂಕ, ದಾರಿಯಲ್ಲಿ ಚಡಾವು ಎಷ್ಟು, ಹುಡುಗ ಹಿಂದೆ ಬರಲು ಎಷ್ಟು ಹೊತ್ತು.

ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ, ತಕ್ಕಡಿಯಲ್ಲಿ ಇಟ್ಟು ಬರೆಯಿರಿ. ಉದಾಹರಣೆಗೆ ಒಂದು ಬಂಗಲೆಯಲ್ಲಿ 40 ಜನರ ಬೆಳಗಿನ ತಿಂಡಿ ಎಂದುಕೊಳ್ಳಿ. ತಲೆಗೆ ನಾಲ್ಕರಂತೆ 160 ಇಡ್ಲಿ, ಅದು ಸುಮಾರು 9 ಕಿಲೋ. ತಲೆಗೆ ಎರಡು ವಡೆ, 4 ಕಿಲೋ. ಸಾಂಬಾರು 8 ಲೀಟರ್, ಚಟ್ನಿ 3 ಲೀಟರ್. ಇಷ್ಟಕ್ಕೇ 24 ಕಿಲೋ ಆಯಿತು. ಸ್ಟೀಲ್ ಡಬ್ಬ, ಕ್ಯಾನು, ಸೌಟು ಎಲ್ಲ ಸೇರಿ ಇನ್ನೊಂದು 8-9 ಕಿಲೋ. ಅಂದರೆ 33 ಕಿಲೋ! “ಬರೀ ತಿಂಡಿ ಪಾರ್ಸೆಲ್ ಅಲ್ಲವಾ” ಎಂದು ನಾವು ಹೇಳುವುದು ಇದನ್ನೇ. ಹುಡುಗನ ಬೆನ್ನಿಗೆ ಚೀಲ ಹಾಕಿ ಕಳಿಸುವ ತೂಕವೇ ಇದು?

ದೂರವನ್ನೂ ಹಾಗೆಯೇ. ನಕ್ಷೆಯಲ್ಲಿ ಕಾಣುವ ದೂರ ಬೇರೆ, ಹುಡುಗ ಹೋಗುವ ದಾರಿ ಬೇರೆ. ಎಕ್ಸ್‌ಪ್ರೆಸ್ ವೇ ಮೇಲೆ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಖಂಡಾಳಾ ಕಡೆ ಹೋಗುವವನು ಹಳೆಯ ಮುಂಬಯಿ-ಪುಣೆ ಹೆದ್ದಾರಿಯ ದಟ್ಟಣೆಯಲ್ಲೇ ಹೋಗಬೇಕು. ಆ ದಾರಿಯ ದೂರವನ್ನೇ ಬರೆಯಿರಿ.

ಎರಡು ವಾರ ಕಳೆದ ಮೇಲೆ ಪುಸ್ತಕ ತೆರೆದು ನೋಡಿದರೆ ಮೂರು ಬಗೆಯವರು ಸಿಗುತ್ತಾರೆ. ಒಂದು, ಸ್ಟೇಷನ್ನಿನ ಸುತ್ತ ಎರಡು ಕಿಲೋಮೀಟರ್ ಒಳಗೆ ಹತ್ತು ಕಿಲೋ ಒಳಗಿನ ಪಾರ್ಸೆಲ್ ಕೊಡುವವರು. ಅವರಿಗೆ ಮೋಟಾರು ಸೈಕಲ್ಲು ಬೇಡ, ಮೋಟಾರು ಇರುವ ಸೈಕಲ್ಲು ಸಾಕು. ಎರಡು, ನಾಲ್ಕೈದು ಕಿಲೋಮೀಟರ್ ದೂರದ ಬಂಗಲೆಗಳಿಗೆ ಮೂವತ್ತು ಕಿಲೋ ಹೊರುವವರು. ಅವರಿಗೆ ನೋಂದಣಿಯಾದ, ಭಾರ ಹೊರಲೆಂದೇ ಮಾಡಿದ ಇಲೆಕ್ಟ್ರಿಕ್ ಗಾಡಿ ಬೇಕು. ಮೂರು, ಭುಶಿ ಡ್ಯಾಮ್ ದಾಟಿ ಲಯನ್ಸ್ ಪಾಯಿಂಟ್, ಟೈಗರ್ ಪಾಯಿಂಟ್, ಆಂಬಿ ವ್ಯಾಲಿ ಕಡೆಯ ಕ್ಯಾಟರಿಂಗ್ ಹಿಡಿದವರು. ಆ ಘಾಟಿಯ ದಾರಿ, ಮಂಜು, ಮಳೆಗೆ ಡಬ್ಬ ಕಟ್ಟಿದ ಬೈಕು ಕಳಿಸುವುದೇ ಸರಿಯಲ್ಲ. ಅವರು ಈಗಿರುವ ವ್ಯಾನನ್ನೇ ಓಡಿಸಲಿ. ಮೂವರಿಗೂ ಒಂದೇ ಗಾಡಿ ಮಾರಲು ಬಂದವರು ಮೂವರಲ್ಲಿ ಇಬ್ಬರಿಗೆ ತಪ್ಪು ಗಾಡಿ ಮಾರುತ್ತಾರೆ.

ಚಡಾವಿನ ಲೆಕ್ಕ

ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ ಮಾತ್ರ. ಆದರೆ ಈ ಲೆಕ್ಕಕ್ಕೆ ಅಷ್ಟು ಓದು ಸಾಕು. ಹುಡುಗ 65 ಕಿಲೋ, ಗಾಡಿ 40 ಕಿಲೋ, ಡಬ್ಬ 35 ಕಿಲೋ, ಒಟ್ಟು 140 ಕಿಲೋ. ನೂರು ಅಡಿ ಮುಂದೆ ಹೋದರೆ ಹತ್ತು ಅಡಿ ಏರುವ ರಸ್ತೆ ಎಂದುಕೊಳ್ಳಿ. ನಮ್ಮ ಬಂಗಲೆಗಳ ಒಳರಸ್ತೆಯಲ್ಲಿ ಇಂಥದ್ದು ಅಪರೂಪವೇನಲ್ಲ. ಈ ಭಾರವನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಿಸಲು ಚಕ್ರಕ್ಕೆ 600ರಿಂದ 700 ವಾಟ್ ಶಕ್ತಿ ತಲುಪಬೇಕು. 250 ವಾಟ್ ಮೋಟಾರು ಒಂದೇ ಎಳೆದರೆ ವೇಗ ಗಂಟೆಗೆ ಐದಾರು ಕಿ.ಮೀ.ಗೆ ಇಳಿಯುತ್ತದೆ. ಅಂದರೆ ನಡೆದು ಹೋದ ಹಾಗೆ. ಹುಡುಗ ಪೆಡಲ್ ತುಳಿದರೆ ಇನ್ನೊಂದು 100 ವಾಟ್ ಸಿಕ್ಕೀತು, ಅಷ್ಟೆ.

ಇದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಹಿಂದಿನ ಗಾಲಿಯ ನಡುವೆ ಕೂರಿಸುವ ಹಬ್ ಮೋಟಾರು ನಿಧಾನವಾಗಿ ತಿರುಗುತ್ತಾ ಭಾರ ಎಳೆಯುವಾಗ ಬ್ಯಾಟರಿಯಿಂದ ತುಂಬ ಕರೆಂಟು ಹೀರುತ್ತದೆ. ಅದರ ದೊಡ್ಡ ಪಾಲು ಓಟವಾಗುವುದಿಲ್ಲ, ಶಾಖವಾಗುತ್ತದೆ. ಮೋಟಾರು ಕಾಯುತ್ತದೆ, ವಯರು ಕಾಯುತ್ತದೆ, ಬ್ಯಾಟರಿಯೂ ಕಾಯುತ್ತದೆ. ಪೆಡಲಿನ ಹತ್ತಿರ ಕೂರಿಸುವ, ಚೈನಿನ ಮೂಲಕ ಎಳೆಯುವ ಮೋಟಾರಾದರೆ ಗೇರು ಇಳಿಸಿ ಚಡಾವು ಹತ್ತಬಹುದು. ಅದಕ್ಕೆ ಬೆಲೆ ಹೆಚ್ಚು, ಚೈನೂ ಬೇಗ ಸವೆಯುತ್ತದೆ. ಆದರೆ ಗುಡ್ಡದ ಊರಿನಲ್ಲಿ ಸೈಕಲ್ಲಿಗೆ ಮೋಟಾರು ಹಾಕಿಸುವವರಿಗೆ ಅದೇ ಸರಿ.

ಬೆಂಗಳೂರಿನಲ್ಲಿ ಡೆಲಿವರಿ ಹುಡುಗರು ಯುಲು ಕಂಪನಿಯ ಸಣ್ಣ ಬಾಡಿಗೆ ಗಾಡಿ ಓಡಿಸುವುದನ್ನು ನೀವು ನೋಡಿರಬಹುದು. ಒಂದೆರಡು ಊಟದ ಪೊಟ್ಟಣ ಒಯ್ಯುವ ಅಲ್ಲಿಯ ಕೆಲಸಕ್ಕೆ ಅದು ಸರಿ. ಅದನ್ನು ನೋಡಿ ಬಂದು “ನಮಗೂ ಅಂಥದ್ದೇ” ಎಂದರೆ ಲೋಣಾವಳಾದ ಚಡಾವು ಒಪ್ಪುವುದಿಲ್ಲ.

ಬ್ಯಾಟರಿ: ಕಾಗದದ ಮೈಲೇಜು, ರಸ್ತೆಯ ಮೈಲೇಜು

ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್-ಅವರ್ ಎಂದು ಎರಡು ಅಂಕಿ ಇರುತ್ತದೆ. ಅವೆರಡನ್ನೂ ಗುಣಿಸಿದರೆ ಅದರಲ್ಲಿ ಎಷ್ಟು ವಾಟ್-ಅವರ್ ತುಂಬುತ್ತದೆ ಎಂದು ಸಿಗುತ್ತದೆ. 48 ವೋಲ್ಟ್, 15 ಆಂಪಿಯರ್-ಅವರ್ ಆದರೆ 720. ಸಾವಿರ ಆದರೆ ನಮ್ಮ ಕರೆಂಟು ಬಿಲ್ಲಿನ ಒಂದು ಯೂನಿಟ್.

ಈಗ ನೋಟ್‌ಪುಸ್ತಕಕ್ಕೆ ಬನ್ನಿ. ಒಂದು ಭಾನುವಾರ 14 ಸಲ, ಹೋಗಿ ಬರಲು ಸರಾಸರಿ 4 ಕಿ.ಮೀ., ಒಟ್ಟು 56 ಕಿ.ಮೀ. ಎಂದುಕೊಳ್ಳೋಣ. ಭಾರ ಹೊತ್ತ ಮೋಟಾರು ಸೈಕಲ್ಲಿಗೆ ಏರಿಳಿತದ ದಾರಿಯಲ್ಲಿ ಕಿಲೋಮೀಟರಿಗೆ 20 ವಾಟ್-ಅವರ್ ಹಿಡಿದರೆ 1,120 ಬೇಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಐದನೇ ಒಂದು ಪಾಲು ಉಳಿಸಬೇಕು. ಆಗ 1,400 ಆಯಿತು. ಎರಡು-ಮೂರು ವರ್ಷದಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಅದಕ್ಕೂ ಐದನೇ ಒಂದು ಪಾಲು ಬಿಟ್ಟರೆ 1,750. ಅಂದರೆ 48 ವೋಲ್ಟ್, 18 ಆಂಪಿಯರ್-ಅವರಿನ ಎರಡು ಬ್ಯಾಟರಿ ಬೇಕು. ಒಂದು ಗಾಡಿಯಲ್ಲಿ, ಒಂದು ಬದಲಿಗೆ. ಅದೇ ನೋಂದಣಿಯ ಸ್ಕೂಟರಾದರೆ ಕಿಲೋಮೀಟರಿಗೆ 30 ಹಿಡಿಯಿರಿ. ಎರಡೂವರೆ ಯೂನಿಟ್ಟಿನ ಬ್ಯಾಟರಿ ಬೇಕು, ಇಲ್ಲವೇ ಎರಡು ಯೂನಿಟ್ಟಿನದಕ್ಕೆ ಮಧ್ಯಾಹ್ನ ಒಮ್ಮೆ ಚಾರ್ಜು ಕೊಡಬೇಕು.

ಸಭೆಯಲ್ಲಿ ಬಂದ ಗಾಡಿಯ ಬ್ಯಾಟರಿ ಎಷ್ಟರದು ಎಂದು ನಾನು ಕೇಳಿದೆ. “ಅರವತ್ತು ಕಿಲೋಮೀಟರ್ ಹೋಗುತ್ತೆ ಸೇಟ್” ಎಂಬ ಉತ್ತರ ಬಂತು. ಎಷ್ಟು ಆಂಪಿಯರ್ ಎಂದರೆ ಮತ್ತೆ ಅದೇ ಅರವತ್ತು. ಯಾರ ತೂಕ ಹೊತ್ತು, ಯಾವ ರಸ್ತೆಯಲ್ಲಿ ಅರವತ್ತು? ಹಾಲಿಗೆ ನೀರು ಎಷ್ಟು ಎಂದು ಕೇಳಿದರೆ ಕ್ಯಾನಿನ ಗಾತ್ರ ಹೇಳಿದ ಹಾಗಾಯಿತು.

ಬ್ಯಾಟರಿಯ ಜಾತಿಯನ್ನೂ ಕೇಳಬೇಕು. ಅಗ್ಗದ ಗಾಡಿಗೆ ಸೀಸದ ಬ್ಯಾಟರಿ ಹಾಕುತ್ತಾರೆ. ಅದು ಭಾರ, ಬಾಳಿಕೆಯೂ ಕಡಿಮೆ. ಲಿಥಿಯಂನಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಎನ್.ಎಂ.ಸಿ. ಎಂಬುದು ಹಗುರ. ಎಲ್.ಎಫ್.ಪಿ. ಎಂಬುದು ಸ್ವಲ್ಪ ಭಾರ, ಆದರೆ ಶಾಖ ಹೆಚ್ಚು ತಡೆಯುತ್ತದೆ, ಹೆಚ್ಚು ಸಲ ಚಾರ್ಜು ತಾಳುತ್ತದೆ. ಅಡಿಗೆಮನೆಯ ಆಸುಪಾಸಿನಲ್ಲಿ ನಿಲ್ಲುವ ಗಾಡಿಗೆ ನನ್ನ ಮತ ಎಲ್.ಎಫ್.ಪಿ.ಗೆ. ಹಳೆಯ ಬ್ಯಾಟರಿ ಬಿಚ್ಚಿ, ಒಳಗಿನ ಸೆಲ್ಲುಗಳನ್ನು ಆರಿಸಿ ಮತ್ತೆ ಬೆಸೆದ ಮಾಲು ಪೇಟೆಯಲ್ಲಿ ಧಾರಾಳ ಸಿಗುತ್ತದೆ. ದರ ಅರ್ಧಕ್ಕೆ ಇಳಿದಿದ್ದರೆ ಮೊದಲ ಸಂಶಯ ಅದರ ಮೇಲೆ ಇರಲಿ.

ಉಳಿತಾಯ ಎಷ್ಟು? ಇದೇ 56 ಕಿ.ಮೀ.ಗೆ ಪೆಟ್ರೋಲ್ ಸ್ಕೂಟರಿಗೆ ಒಂದೂಕಾಲು ಲೀಟರ್, ಸುಮಾರು 130 ರೂಪಾಯಿ. ಕರೆಂಟು ಯೂನಿಟ್ಟಿಗೆ 15 ರೂಪಾಯಿ ಎಂದೇ ಹಿಡಿದರೂ ಎರಡು ಯೂನಿಟ್, 30 ರೂಪಾಯಿ. ದಿನಕ್ಕೆ ನೂರು ಉಳಿಯಿತು. ವರ್ಷದಲ್ಲಿ ಇಂಥ 250 ದಿನ ಸಿಕ್ಕರೆ 25,000. ಆದರೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿಗೆ 25-30 ಸಾವಿರ ತೆಗೆದಿಡಬೇಕು. ಅದು ವರ್ಷಕ್ಕೆ 8-9 ಸಾವಿರ. ಕಳೆದರೆ ಉಳಿಯುವುದು 16 ಸಾವಿರ. ಒಳ್ಳೆಯ ಉಳಿತಾಯವೇ. ಆದರೆ ವ್ಯಾಪಾರಿ ಹೇಳಿದ 25 ಸಾವಿರ ಅಲ್ಲ. ಸರ್ಕಾರದ ಸಬ್ಸಿಡಿ ವರ್ಷ ವರ್ಷಕ್ಕೆ ಬದಲಾಗುತ್ತದೆ. ಸಿಕ್ಕರೆ ಸಂತೋಷ, ಅದನ್ನು ನಂಬಿ ಲೆಕ್ಕ ಕಟ್ಟಬೇಡಿ.

ಡಬ್ಬ, ಬ್ರೇಕು, ಮಳೆ

ಗಾಡಿ ಕಟ್ಟುವವನಿಗೆ ಮೋಟಾರು ಗೊತ್ತು, ಸಾಂಬಾರು ಗೊತ್ತಿಲ್ಲ. ಅದನ್ನು ನಾವೇ ಹೇಳಿಕೊಡಬೇಕು. ಡಬ್ಬ ಎತ್ತರದಲ್ಲಿ, ಹಿಂದಿನ ಗಾಲಿಯಿಂದ ಆಚೆ ನೇತಾಡುತ್ತಿದ್ದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ, ಚಡಾವಿನಲ್ಲಿ ಮುಂದಿನ ಗಾಲಿ ಹಗುರಾಗುತ್ತದೆ. ಭಾರ ಆದಷ್ಟು ಕೆಳಗೆ, ಗಾಲಿಯ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಮುಂದೆ ಬರಬೇಕು. ಸಾಂಬಾರಿನ ಕ್ಯಾನು ಎಲ್ಲಕ್ಕಿಂತ ಕೆಳಗೆ. ಅದು ಅಲುಗಾಡುವ ಭಾರ, ಬಾಯಿಗೆ ಕ್ಲಿಪ್ಪು ಇರಲೇಬೇಕು.

ಡಬ್ಬದೊಳಗೆ ಎರಡು ಖಾನೆ ಮಾಡಿಸಿ. ಇಡ್ಲಿ, ಸಾಂಬಾರಿಗೆ ಮುಚ್ಚಿದ, ಶಾಖ ಹಿಡಿಯುವ ಖಾನೆ. ವಡೆ, ದೋಸೆಗೆ ಉಗಿ ಹೋಗಲು ಸಣ್ಣ ತೂತು ಇರುವ ಖಾನೆ. ಎರಡನ್ನೂ ಒಂದೇ ಕಡೆ ತುಂಬಿದರೆ ಬಂಗಲೆ ತಲುಪುವಾಗ ದೋಸೆ ಒದ್ದೆ ಬಟ್ಟೆಯಾಗಿರುತ್ತದೆ. ಗಾಡಿಗೆ ಒಂಟಿಕಾಲಿನ ಸ್ಟ್ಯಾಂಡ್ ಸಾಲದು, ಅಗಲವಾದ ಜೋಡಿಕಾಲಿನದು ಬೇಕು. ಒಳಬಟ್ಟೆ ತೊಳೆಯಲು ಬರಬೇಕು, ನೀರು ಬಸಿಯಲು ಬೂಚು ಬೇಕು.

ಹತ್ತುವುದಕ್ಕಿಂತ ಇಳಿಯುವುದು ಅಪಾಯ. 140 ಕಿಲೋ ಇಳಿಜಾರಿನಲ್ಲಿ ಬರುವಾಗ ಸಾಧಾರಣ ಸೈಕಲ್ಲಿನ ರಬ್ಬರ್ ಬ್ರೇಕು ಮಳೆಯಲ್ಲಿ ಹಿಡಿಯುವುದಿಲ್ಲ. ಡಿಸ್ಕ್ ಅಥವಾ ಗಟ್ಟಿ ಡ್ರಮ್ ಬ್ರೇಕು ಎರಡೂ ಗಾಲಿಗೆ ಬೇಕು. “ಮೋಟಾರೇ ಬ್ರೇಕು ಹಿಡಿಯುತ್ತೆ, ಬ್ಯಾಟರಿಗೂ ಚಾರ್ಜು ಬರುತ್ತೆ” ಎನ್ನುತ್ತಾರೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಆ ಬ್ರೇಕು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ಬ್ಯಾಟರಿ ತುಂಬಿಯೇ ಇರುತ್ತದೆ ಎಂಬುದನ್ನು ನೆನಪಿಡಿ.

ಮಳೆಯ ವಿಷಯ ನಮ್ಮವರಿಗೆ ಹೇಳಬೇಕಾದ್ದಿಲ್ಲ. ನಮ್ಮಲ್ಲಿ ಅರ್ಧ ಜನ ಕುಂದಾಪುರ, ಉಡುಪಿ ಕಡೆಯ ಮಳೆ ಕಂಡವರು, ಇಲ್ಲಿಯೂ ಸಹ್ಯಾದ್ರಿಯ ನೆತ್ತಿಯ ಮಳೆ. ಅದೇ ಮಳೆಗಾಲ ನಮ್ಮ ಸೀಸನ್ನು. ಆದ್ದರಿಂದ ಬ್ಯಾಟರಿಗೆ ಐ.ಪಿ. 67 ಎಂಬ ಗುರುತು ಕೇಳಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದು ಅದರ ಅರ್ಥ. ವಯರಿನ ಜೋಡಣೆಗಳಿಗೆ ಟೇಪು ಸುತ್ತಿದ್ದರೆ ಆ ಗಾಡಿ ಮೊದಲ ಮಳೆಗಾಲ ದಾಟದು.

ಇನ್ನೊಂದು ಮಾತು. ಗಾಡಿ ಓಡಿಸುವ ಹುಡುಗನನ್ನು ಕರೆದು ಕೂರಿಸಿ ಕೇಳಿ. ಅವನ ಎತ್ತರಕ್ಕೆ ಸೀಟು ಸರಿಯೇ, ಭಾರ ತುಂಬಿದಾಗ ಕಾಲು ನೆಲ ಮುಟ್ಟುತ್ತದೆಯೇ, ಒಬ್ಬನೇ ಸ್ಟ್ಯಾಂಡ್ ಹಾಕಬಲ್ಲನೇ? ಗಲ್ಲೆಯಲ್ಲಿ ಕೂತ ನಮಗಿಂತ ಅವನಿಗೆ ರಸ್ತೆಯ ಗುಂಡಿ ಚೆನ್ನಾಗಿ ಗೊತ್ತು.

ಕಾನೂನು ಏನು ಹೇಳುತ್ತದೆ?

“ಇದಕ್ಕೆ ಆರ್.ಟಿ.ಓ. ಬೇಡ, ಲೈಸನ್ಸ್ ಬೇಡ” ಎಂಬ ಮಾತಿಗೆ ನಮ್ಮವರು ಬೇಗ ಮರುಳಾಗುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟ್ ಮೀರದ, ವೇಗ ಗಂಟೆಗೆ 25 ಕಿ.ಮೀ. ಮುಟ್ಟದ, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಹಗುರ ಗಾಡಿಗೆ ಮಾತ್ರ ಈ ವಿನಾಯಿತಿ. ಕಾಗದದಲ್ಲಿ 250 ಬರೆದು, ಒಳಗೆ ಸಾವಿರ ವಾಟ್ ಕೂರಿಸಿ, 45ರ ವೇಗಕ್ಕೆ ಬಿಟ್ಟರೆ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಮಹಾರಾಷ್ಟ್ರದ ಸಾರಿಗೆ ಇಲಾಖೆ 2022ರಲ್ಲಿ ಇಂಥ ಗಾಡಿಗಳ ಮೇಲೆ ಕಾರ್ಯಾಚರಣೆಗೆ ಆದೇಶ ಕೊಟ್ಟಿತ್ತು. ನೋಂದಣಿಯಾದ ಗಾಡಿಯನ್ನು ಒಪ್ಪಿಗೆಯಿಲ್ಲದೆ ಬದಲಾಯಿಸಿದರೆ 2019ರ ತಿದ್ದುಪಡಿಯ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಇದು ಗ್ಯಾರೇಜಿನವನಿಗಲ್ಲ, ಮಾಲೀಕನಿಗೆ!

ದಂಡ ಕಟ್ಟಿ ಮುಗಿಯಬಹುದು. ಆದರೆ ಆ ಗಾಡಿ ಒಬ್ಬ ಪಾದಚಾರಿಗೆ ಬಡಿದರೆ, ಅಥವಾ ನಮ್ಮ ಹುಡುಗನೇ ಬಿದ್ದರೆ, ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಆಗ ಹೋಟೆಲು ಮಾರಿದರೂ ಸಾಲದು.

ಹಾಗಾದರೆ ನಮಗೆ ಬೇಕಾದ ಹಾಗೆ ಗಾಡಿ ಮಾಡಿಸಿಕೊಳ್ಳಲು ದಾರಿಯೇ ಇಲ್ಲವೇ? ಇದೆ. ಮೊದಲ ಬಗೆಯವರು 250 ವಾಟ್ ಮಿತಿಯೊಳಗಿನ ಒಪ್ಪಿಗೆ ಪಡೆದ ಸೈಕಲ್ಲು ತಂದು ಕ್ಯಾರಿಯರ್, ಡಬ್ಬ, ಬ್ರೇಕು, ಸ್ಟ್ಯಾಂಡನ್ನು ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು. ಎರಡನೇ ಬಗೆಯವರು ಕಾರ್ಖಾನೆಯಿಂದಲೇ ಭಾರ ಹೊರಲೆಂದು ಬಂದ ಗಾಡಿ ಕೊಂಡು, ಮೋಟಾರು-ಬ್ಯಾಟರಿಗೆ ಕೈ ಹಾಕದೆ, ಕಂಪನಿ ಒಪ್ಪುವ ಕ್ಯಾರಿಯರ್ ಮೇಲೆ ತಮ್ಮ ಡಬ್ಬ ಕೂರಿಸಬಹುದು. ಹೋಟೆಲ್ ವ್ಯವಹಾರಕ್ಕೆ ಎಂದು ವಿಮೆಯಲ್ಲಿ ಬರೆಸಬೇಕು. ನಮ್ಮ ಹಿರಿಯರು ಹಾಲು, ತರಕಾರಿ ತರುತ್ತಿದ್ದ ಲೂನಾ ನೆನಪಿದೆಯೇ? 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ತಂದದ್ದು. ಅದೇ ಬಳಗದವರು 2024ರ ಫೆಬ್ರವರಿಯಲ್ಲಿ ಅದರ ಇಲೆಕ್ಟ್ರಿಕ್ ರೂಪ ತಂದರು. 150 ಕಿಲೋ ಭಾರ ಹೊರುತ್ತದೆ ಎಂದು ಕಂಪನಿಯ ಮಾತು. ಅದನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆಂದೇ ಮಾಡಿದ ಗಾಡಿಗಳು ಈಗ ಪೇಟೆಯಲ್ಲಿವೆ, ಗ್ಯಾರೇಜಿನಲ್ಲಿ ಬೆಸೆಯಿಸುವ ಅಗತ್ಯವಿಲ್ಲ ಎನ್ನುತ್ತಿದ್ದೇನೆ.

ರಾತ್ರಿ ಚಾರ್ಜು ಎಲ್ಲಿ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೇಲಿನದೆಲ್ಲ ತಪ್ಪಿದರೆ ಹಣ ಹೋಗುತ್ತದೆ. ಇದು ತಪ್ಪಿದರೆ ಜೀವ ಹೋಗುತ್ತದೆ.

ನಮ್ಮ ಹೋಟೆಲುಗಳಲ್ಲಿ ಹುಡುಗರು ಎಲ್ಲಿ ಮಲಗುತ್ತಾರೆ? ಅಟ್ಟದಲ್ಲಿ, ಮಹಡಿಯ ಕೋಣೆಯಲ್ಲಿ, ಮೇಜುಗಳನ್ನು ಸರಿಸಿ ಹಾಲಿನಲ್ಲಿ. ಶಟರು ಎಳೆದಿರುತ್ತದೆ. ಇಳಿಯಲು ಒಂದೇ ಮೆಟ್ಟಿಲು. ಇ-ಬೈಕು ಬಂದರೆ ರಾತ್ರಿ ಅದನ್ನು ಎಲ್ಲಿ ಇಡುತ್ತೇವೆ? ಕಳ್ಳರ ಭಯಕ್ಕೆ ಒಳಗೆ, ಆ ಮೆಟ್ಟಿಲಿನ ಕೆಳಗೆ. ಪ್ಲಗ್ಗೂ ಅಲ್ಲೇ ಇರುತ್ತದೆ. ಸಭೆಯಲ್ಲಿ ಹೆಸರು ಬರೆಸಿದವರು ಇವತ್ತೇ ತಮ್ಮ ಹೋಟೆಲಿನಲ್ಲಿ ಆ ಜಾಗವನ್ನು ಒಮ್ಮೆ ನಿಂತು ನೋಡಲಿ.

2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಏನಾಯಿತು? ಒಂದೇ ಕಟ್ಟಡದಲ್ಲಿ ಕೆಳಗೆ ಇಲೆಕ್ಟ್ರಿಕ್ ಸ್ಕೂಟರಿನ ಷೋರೂಂ, ಮೇಲೆ ಲಾಡ್ಜು. ಕೆಳಗೆ ಹೊತ್ತಿದ ಬೆಂಕಿಯ ಹೊಗೆ ಮೆಟ್ಟಿಲ ದಾರಿಯಿಂದ ಮೇಲೆ ತುಂಬಿತು. ಎಂಟು ಜನ ಸತ್ತರು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಬಳಿ ಇಂಥದೇ ಷೋರೂಂನ ಬೆಂಕಿಯಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ಹುಡುಗಿ ಹೊರಬರಲಾಗದೆ ತೀರಿಕೊಂಡಳು. ಅಮೆರಿಕದ ನ್ಯೂಯಾರ್ಕಿನಲ್ಲಿ ಹೋಟೆಲ್ ಊಟ ಮುಟ್ಟಿಸುವ ಹುಡುಗರು ಓಡಿಸುವುದು ಇಂಥ ಬೈಕುಗಳನ್ನೇ. ಅಲ್ಲಿ ಲಿಥಿಯಂ ಬ್ಯಾಟರಿಯ ಬೆಂಕಿಗೆ 2023ರ ಒಂದೇ ವರ್ಷದಲ್ಲಿ 18 ಜನ ಬಲಿಯಾದರು. ಅದೇ ವರ್ಷ ಸೆಪ್ಟೆಂಬರಿನಿಂದ ಪರೀಕ್ಷೆಯ ಮುದ್ರೆಯಿಲ್ಲದ ಬ್ಯಾಟರಿ, ಬೈಕು ಮಾರುವುದನ್ನೇ ಆ ನಗರ ನಿಷೇಧಿಸಿತು. ನಮ್ಮ ದೇಶದಲ್ಲಿಯೂ 2022ರಲ್ಲಿ ಸಾಲು ಸಾಲು ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎ.ಐ.ಎಸ್. 156 ಎಂಬ ಬ್ಯಾಟರಿ ಸುರಕ್ಷತೆಯ ನಿಯಮವನ್ನು ಬಿಗಿ ಮಾಡಿದರು. ಗ್ಯಾರೇಜಿನಲ್ಲಿ ಬೆಸೆದ ಬ್ಯಾಟರಿಗೆ ಆ ಪರೀಕ್ಷೆ ಎಲ್ಲಿಂದ ಬರಬೇಕು?

ನಮ್ಮಲ್ಲಿ ಇನ್ನೊಂದು ಅಪಾಯ ಹೆಚ್ಚುವರಿ. ಗ್ಯಾಸ್. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ಚಾರ್ಜರ್ ಇಡುವುದೂ ನೆಲದ ಮೇಲೇ. ಒಂದು ಕಿಡಿ ಸಾಕು.

ಆದ್ದರಿಂದ ಗಾಡಿಯ ಯೋಜನೆಯ ಮೊದಲ ಗೆರೆ ಹೀಗಿರಲಿ:

1. ಚಾರ್ಜು ಕೊಡುವ ಜಾಗ ಮೆಟ್ಟಿಲು, ಬಾಗಿಲು, ಮಲಗುವ ಕೋಣೆ, ಸಿಲಿಂಡರು ಈ ನಾಲ್ಕರಿಂದಲೂ ದೂರ ಇರಬೇಕು. ಹಿಂದಿನ ಅಂಗಳದಲ್ಲಿ ತಗಡಿನ ಮಾಡು ಹಾಕಿದ, ಗಾಳಿಯಾಡುವ ಜಾಗ ಉತ್ತಮ.

2. ರಾತ್ರಿ ಚಾರ್ಜು ಬೇಡ. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ ಸಂಜೆ ತಿಂಡಿಯವರೆಗೆ ನಮಗೆ ಎರಡು-ಮೂರು ಗಂಟೆ ಸಿಗುತ್ತದೆ. ರಾತ್ರಿ ವ್ಯಾಪಾರ ಮುಗಿಸಿ ಲೆಕ್ಕ ನೋಡುವ ಹೊತ್ತು ಇನ್ನೊಂದು. ಯಾರಾದರೂ ಎಚ್ಚರ ಇರುವಾಗಲೇ ಚಾರ್ಜು. ಬ್ಯಾಟರಿ ಎರಡಿದ್ದರೆ ಇದು ಕಷ್ಟವೇ ಅಲ್ಲ.

3. ಅದಕ್ಕೆಂದೇ ಬೇರೆ ಲೈನು, ಬೇರೆ ಸಾಕೆಟ್ಟು, ಎಂ.ಸಿ.ಬಿ. ಮತ್ತು ಇ.ಎಲ್.ಸಿ.ಬಿ. ಹಾಕಿಸಿ. ಮಿಕ್ಸಿಯ ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಗಾಡಿಯ ಜೊತೆ ಬಂದ ಚಾರ್ಜರ್ ಬಿಟ್ಟು ಬೇರೆಯದನ್ನು ಹಾಕಬೇಡಿ.

4. ಚಡಾವು ಹತ್ತಿ ಬಂದ ಬ್ಯಾಟರಿ ಬಿಸಿಯಿರುವಾಗ ಚಾರ್ಜಿಗೆ ಹಾಕಬಾರದು, ಅರ್ಧ ಗಂಟೆಯಾದರೂ ಆರಲಿ. ಬಿದ್ದ, ಉಬ್ಬಿದ, ನೀರು ಹೊಕ್ಕ ಬ್ಯಾಟರಿಯನ್ನು ಹೊರಗೆ ಇಡಿ, ಒಳಗೆ ತರಲೇಬೇಡಿ.

5. ಹೊಗೆ ಕಂಡರೆ ಗಾಡಿ ಉಳಿಸಲು ಯಾರೂ ಹೋಗಬಾರದು. ಆ ಹೊಗೆ ವಿಷ, ಆರಿದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಎಲ್ಲರೂ ಹೊರಗೆ, ಆಮೇಲೆ 101ಕ್ಕೆ ಫೋನು. ಇದನ್ನು ಹುಡುಗರಿಗೆ ಅವರವರ ಭಾಷೆಯಲ್ಲಿ ಹೇಳಿಕೊಡಿ.

ಇಂಥ ಜಾಗ ನಿಮ್ಮಲ್ಲಿ ಇಲ್ಲವೆಂದಾದರೆ? ಹಾಗಿದ್ದರೆ ಸದ್ಯಕ್ಕೆ ಇ-ಬೈಕು ಬೇಡ ಎಂದೇ ನನ್ನ ಅಭಿಪ್ರಾಯ. ಅಥವಾ ಬೆಂಗಳೂರಿನಲ್ಲಿ ನಡೆಯುವ ಹಾಗೆ ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ತರುವ ಏರ್ಪಾಡು ನಮ್ಮೂರಿಗೂ ಬರುವವರೆಗೆ ಕಾಯಿರಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ನಮ್ಮ ಹಿರಿಯರು ಒಪ್ಪದ ಕೆಲಸ.

ಸಂಘಕ್ಕೆ ನನ್ನ ವಿನಂತಿ

“ಇಷ್ಟೆಲ್ಲ ನೋಡುತ್ತಾ ಕೂತರೆ ವ್ಯಾಪಾರ ಮಾಡುವುದು ಯಾವಾಗ?” ಎಂದು ಕೆಲವರು ಕೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಒಬ್ಬೊಬ್ಬರೇ ಇದನ್ನೆಲ್ಲ ಮಾಡುವುದು ಕಷ್ಟ. ಅದಕ್ಕೇ ಅಲ್ಲವೇ ಸಂಘ ಇರುವುದು? ಇಪ್ಪತ್ತು ಗಾಡಿಯ ಆರ್ಡರ್ ನಮ್ಮ ಕೈಯಲ್ಲಿ ಇರುವಾಗ ಷರತ್ತು ಹಾಕುವ ಶಕ್ತಿಯೂ ನಮ್ಮದೇ. ದರ ಇಳಿಸಲು ಮಾತ್ರ ಆ ಶಕ್ತಿ ಬಳಸಿದರೆ ಅದು ಬುದ್ಧಿವಂತಿಕೆ ಅಲ್ಲ.

ಸಂಘವು ಈ ಆರ್ಡರನ್ನು ಒಂದು ತಿಂಗಳು ಮುಂದೆ ಹಾಕಲಿ. ಕೆಲಸದ ಪಟ್ಟಿಯ ಒಂದು ಪುಟದ ನಮೂನೆ ಅಚ್ಚು ಹಾಕಿಸಿ ಹೆಸರು ಬರೆಸಿದವರಿಗೆಲ್ಲ ಹಂಚಲಿ. ಮೋಟಾರಿನ ನಿಜವಾದ ಶಕ್ತಿ, ಬ್ಯಾಟರಿಯ ವಾಟ್-ಅವರ್ ಮತ್ತು ಜಾತಿ, ಪರೀಕ್ಷೆಯ ಪ್ರಮಾಣಪತ್ರ, ಗ್ಯಾರಂಟಿ, ಬದಲಿ ಬ್ಯಾಟರಿಯ ದರ ಇವಿಷ್ಟನ್ನು ವ್ಯಾಪಾರಿಯವರಿಂದ ಬರಹದಲ್ಲಿ ಪಡೆಯಲಿ. ಇಂಥ ಪ್ರಮಾಣಪತ್ರ ಕೊಡುವ ಎ.ಆರ್.ಎ.ಐ. ಸಂಸ್ಥೆ ನಮ್ಮ ಪುಣೆಯಲ್ಲೇ ಇದೆ. ತೋರಿಸಿದ ಕಾಗದ ಅಸಲಿಯೇ ಎಂದು ವಿಚಾರಿಸಲು ದೆಹಲಿಗೆ ಹೋಗಬೇಕಾಗಿಲ್ಲ. ಆಮೇಲೆ ಒಂದು ಗಾಡಿ ತರಿಸಿ, ಡಬ್ಬದಲ್ಲಿ 35 ಕಿಲೋ ಅಕ್ಕಿ ಇಟ್ಟು, ಮಳೆ ಬರುವ ದಿನ ತುಂಗಾರ್ಲಿಯ ಚಡಾವು ಹತ್ತಿಸಿ ಇಳಿಸಿ ನೋಡೋಣ. ಅದು ಗೆದ್ದರೆ ನನ್ನ ಹೆಸರನ್ನೂ ಬರೆದುಕೊಳ್ಳಿ. ಕೊನೆಯದಾಗಿ, ಒಬ್ಬ ಒಳ್ಳೆಯ ಇಲೆಕ್ಟ್ರಿಷಿಯನ್ನರನ್ನು ಕರೆದುಕೊಂಡು ಸಂಘದ ಇಬ್ಬರು ಪ್ರತಿ ಹೋಟೆಲಿಗೂ ಹೋಗಿ ಚಾರ್ಜಿನ ಜಾಗ ನೋಡಿ ಬರಲಿ. ಜಾಗ ಸರಿಯಿಲ್ಲದವರಿಗೆ ಸಂಘದ ಆರ್ಡರಿನಲ್ಲಿ ಗಾಡಿ ಬೇಡ.

ಊರಿನಿಂದ ತಂದೆ-ತಾಯಿ ಹುಡುಗರನ್ನು ನಮ್ಮ ಕೈಗೆ ಒಪ್ಪಿಸುವಾಗ “ನಿಮ್ಮ ಮಗನ ಹಾಗೆ ನೋಡಿಕೊಳ್ಳಿ ಅಣ್ಣ” ಎನ್ನುತ್ತಾರೆ. ಈಗ ಬರುವವರು ಬೈಂದೂರಿನವರಾಗಲಿ, ಒಡಿಶಾ, ನೇಪಾಳದವರಾಗಲಿ, ಆ ಮಾತು ಎಲ್ಲರಿಗೂ ಒಂದೇ. ಚಾರ್ಜಿನ ಜಾಗ ಗೊತ್ತು ಮಾಡಿದ ಮೇಲೆಯೇ ಗಾಡಿಯ ಬಣ್ಣ ಆರಿಸೋಣ.

– ಓರ್ವ ಸದಸ್ಯ, ಲೋಣಾವಳಾ